ಸಿವಿಲ್ ದಾವೆಯ ಗಡುವು: ಮೂವತ್ತು ದಿನ ಯಾವಾಗ ತೊಂಬತ್ತಾಗುತ್ತದೆ, ಯಾವಾಗ ಆಗುವುದಿಲ್ಲ

ಜೂನ್ 10ಕ್ಕೆ ನಮ್ಮ ದೊಡ್ಡಮ್ಮನ ಮನೆಗೆ ಕೋರ್ಟಿನ ಅಮೀನರು ಬಂದರು. ತೆಂಗಿನ ತೋಟದ ಪಾಲಿನ ಕೇಸು. ಹಾಕಿದ್ದು ದೊಡ್ಡಮ್ಮನ ಮೈದುನನ ಮಗ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ ಲಕೋಟೆ ಇಸ್ಕೊಂಡರು, ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಸಮನ್ಸಿನ ಮೇಲೆ ಆಗಸ್ಟ್ 2 ಅಂತ ಕೈಯಲ್ಲಿ ಬರೆದಿತ್ತು. ಮೊಮ್ಮಗಳು ಓದಿ ಹೇಳಿದಳು. ಅವತ್ತು ಕೋರ್ಟಿಗೆ ಹೋದರಾಯಿತು ಅಂತ ಮನೆಯವರೆಲ್ಲ ಅಂದುಕೊಂಡರು.

ಆಗಸ್ಟ್ 1ರಂದು ನಾನು ಅವರನ್ನು ವಕೀಲರ ಬಳಿ ಕರೆದುಕೊಂಡು ಹೋದೆ. ವಕೀಲರು ಆಸ್ತಿ ವಿಷಯ ಎತ್ತಲೇ ಇಲ್ಲ. ಲಕೋಟೆ ತಿರುಗಿಸಿ ನೋಡಿ, "ಅಮ್ಮಾ, ಇದು ನಿಮ್ಮ ಕೈಗೆ ಬಂದಿದ್ದು ಯಾವತ್ತು?" ಎಂದರು.

"ಕಾರಹುಣ್ಣಿಮೆ ಆಸುಪಾಸು ಕಣಪ್ಪಾ."

ಅವರು ಬೆರಳು ಮಡಚಿ ಎಣಿಸಿದರು. "ಐವತ್ತೆರಡು ದಿನ ಆಗೋಯ್ತಲ್ಲಮ್ಮಾ. ಡಬ್ಲ್ಯೂಎಸ್ ಹಾಕೋಕೆ ಇದ್ದಿದ್ದು ಮೂವತ್ತೇ ದಿನ."

ಇಲ್ಲೇ ಜನ ಎಡವುವುದು. ಸಮನ್ಸಿನಲ್ಲಿ ಎದ್ದು ಕಾಣುವುದು ಹಾಜರಾಗುವ ತಾರೀಖು. ಉತ್ತರ ಸಲ್ಲಿಸುವ ಗಡುವು ಬೇರೆ. ಅದು ಸಮನ್ಸ್ ಕೈಗೆ ಬಂದ ದಿನದಿಂದಲೇ ಓಡಲು ಶುರುವಾಗುತ್ತದೆ. ವಾದಿ ಹೇಳಿದ್ದಕ್ಕೆ ಪ್ರತಿವಾದಿ ಬರೆದು ಕೊಡುವ ಉತ್ತರವೇ ಲಿಖಿತ ಹೇಳಿಕೆ. ವಕೀಲರ ಬಾಯಲ್ಲಿ ಅದು ಡಬ್ಲ್ಯೂಎಸ್. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ 8ನೇ ಆದೇಶದ 1ನೇ ನಿಯಮದ ಪ್ರಕಾರ ಅದಕ್ಕೆ 30 ದಿನ. ಕಾರಣ ಬರೆದಿಟ್ಟು ಕೋರ್ಟು ಇನ್ನಷ್ಟು ಸಮಯ ಕೊಡಬಹುದು, ಆದರೆ ಒಟ್ಟು 90 ದಿನ ಮೀರಬಾರದು. ತುಂಬಾ ಜನ ಇದನ್ನು ಮೂವತ್ತರ ಮೇಲೆ ತೊಂಬತ್ತು ಎಂದು ತಿಳಿದಿರುತ್ತಾರೆ. ಹಾಗಲ್ಲ. ಮೂವತ್ತೂ ಸೇರಿಯೇ ತೊಂಬತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಮನ್ಸಿನ ಜೊತೆ ವಾದಪತ್ರದ ಪ್ರತಿಯೂ ಇರಬೇಕು. ಅದಿಲ್ಲದೆ ಬರೀ ಸಮನ್ಸ್ ಕೊಟ್ಟು ಹೋದರೆ ಅದು ಸರಿಯಾದ ಜಾರಿ ಅಲ್ಲ, ಗಡುವೂ ಓಡುವುದಿಲ್ಲ. ಹಾಗಾಗಿ ಲಕೋಟೆ ಬಿಚ್ಚಿ ಒಳಗೆ ಏನೇನಿದೆ ನೋಡಿ. ಬಂದ ದಿನವನ್ನು ಲಕೋಟೆಯ ಮೇಲೇ ಬರೆದಿಡಿ. ಲಕೋಟೆ ಎಸೆಯಬೇಡಿ.

ಈ ಮೂವತ್ತು, ತೊಂಬತ್ತು ಎಲ್ಲಿಂದ ಬಂದವು? 1908ರ ಸಿಪಿಸಿಯಲ್ಲಿ ಇಷ್ಟೇ ದಿನ ಅನ್ನುವ ಲೆಕ್ಕವೇ ಇರಲಿಲ್ಲ. ಮೊದಲ ವಿಚಾರಣೆಯ ಹೊತ್ತಿಗೆ, ಇಲ್ಲವೇ ಕೋರ್ಟು ಕೊಟ್ಟ ಸಮಯದೊಳಗೆ ಉತ್ತರ ಕೊಟ್ಟರೆ ಸಾಕಿತ್ತು. ಕೋರ್ಟು ಕೊಡುತ್ತಾ ಹೋಯಿತು, ಜನ ಕೇಳುತ್ತಾ ಹೋದರು. ಕೇಸುಗಳು ತಲೆಮಾರು ದಾಟಿದವು. 1999ರಲ್ಲಿ ಸಂಸತ್ತು ತಿದ್ದುಪಡಿ ತಂದು 30 ದಿನಕ್ಕೆ ಗೆರೆ ಎಳೆಯಿತು. ವಕೀಲರು ದೇಶದ ತುಂಬಾ ಬೀದಿಗಿಳಿದರು. ಆ ತಿದ್ದುಪಡಿ ಜಾರಿಗೆ ಬರುವ ಮೊದಲೇ 2002ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಮೂವತ್ತಕ್ಕೆ ತೊಂಬತ್ತರ ಬಾಲ ಸೇರಿದ್ದು ಆಗಲೇ. ಎರಡೂ ಒಟ್ಟಿಗೆ 2002ರ ಜುಲೈ 1ರಿಂದ ಜಾರಿಯಾದವು. ಅಂದರೆ, ಬಿಗಿಯಾದ ಮೂವತ್ತು ದಿನದ ಗಡುವು ಈ ದೇಶದಲ್ಲಿ ಒಂದು ದಿನವೂ ಜಾರಿಯಲ್ಲಿರಲಿಲ್ಲ.

ತೊಂಬತ್ತರ ಮಿತಿಯಾದರೂ ಗಟ್ಟಿಯೇ? 2005ರಲ್ಲಿ ಸುಪ್ರೀಂ ಕೋರ್ಟು ಎರಡು ಸಲ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಏಪ್ರಿಲ್‌ನಲ್ಲಿ ಒಂದು ಚುನಾವಣಾ ತಕರಾರಿನ ಕೇಸಿನಲ್ಲಿ, ಆಗಸ್ಟ್‌ನಲ್ಲಿ ಸೇಲಂ ವಕೀಲರ ಸಂಘದ ಕೇಸಿನಲ್ಲಿ. ಎರಡರಲ್ಲೂ ಹೇಳಿದ್ದು ಒಂದೇ: ಮಾಮೂಲಿ ಸಿವಿಲ್ ದಾವೆಯಲ್ಲಿ 90 ದಿನ ದಾಟಿದರೂ ಕೋರ್ಟು ಸಮಯ ಕೊಡಬಹುದು, ಆದರೆ ತೀರಾ ಕಷ್ಟದ ಸಂದರ್ಭದಲ್ಲಿ ಮಾತ್ರ. ಅದಕ್ಕೆ ಕೊಟ್ಟ ಮುಖ್ಯ ಕಾರಣವನ್ನು ಗಮನಿಸಿ. ತೊಂಬತ್ತು ದಾಟಿದರೆ ಏನಾಗುತ್ತದೆ ಅಂತ ನಿಯಮದಲ್ಲಿ ಬರೆದಿಲ್ಲ. ಶಿಕ್ಷೆ ಬರೆಯದ ಗಡುವನ್ನು ಕತ್ತಿಯಂತೆ ಬೀಸುವ ಹಾಗಿಲ್ಲ. ನ್ಯಾಯಮೂರ್ತಿ ವಿವಿಯನ್ ಬೋಸ್ 1955ರಲ್ಲೇ ಈ ಧಾಟಿಯಲ್ಲಿ ಬರೆದಿದ್ದರು. ಕಾರ್ಯವಿಧಾನ ಇರುವುದು ನ್ಯಾಯ ಸಿಗಲಿ ಅಂತ, ಜನರ ಕಾಲಿಗೆ ತೊಡರಿ ಬೀಳಿಸಲಿ ಅಂತಲ್ಲ ಎನ್ನುವುದು ಅವರ ಮಾತಿನ ಸಾರ.

ಈ ತೀರ್ಪುಗಳ ಅರ್ಧ ಭಾಗ ಮಾತ್ರ ಕೋರ್ಟಿನ ಪಡಸಾಲೆಗೆ ಇಳಿದಿದೆ ಅನ್ನುವುದು ನನ್ನ ಅನುಭವ. "ಕೊಡಬಹುದು" ಎಂಬುದು ಎಲ್ಲರಿಗೂ ಗೊತ್ತು. ಸುಮ್ನೆ ಕೇಳಿದರೆಂದು ಕೊಡಬಾರದು, ಅರ್ಜಿ ಬರವಣಿಗೆಯಲ್ಲಿರಬೇಕು, ಕಾರಣ ದಾಖಲಾಗಬೇಕು, ಎದುರಿನವರಿಗೆ ಆದ ತೊಂದರೆಗೆ ಖರ್ಚು ಕಟ್ಟಿಸಬಹುದು ಎಂದೂ ಅಲ್ಲೇ ಇದೆ. ಅದನ್ನು ನೆನಪಿಸುವವರು ಕಡಿಮೆ.

ಈಗ ಇನ್ನೊಂದು ಥರದ ಗಡುವಿಗೆ ಬರೋಣ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಬಿಡಿಭಾಗ ಕಳಿಸಿದೆ, 4 ಲಕ್ಷ ಬಾಕಿ ಬರಬೇಕು ಅಂತಿಟ್ಟುಕೊಳ್ಳಿ. ಕೊಂಡವರು ಮಾಲೇ ಸರಿಯಿಲ್ಲ ಅನ್ನುತ್ತಾರೆ. ಇದು ವಾಣಿಜ್ಯ ವ್ಯಾಜ್ಯ. 2015ರಲ್ಲಿ ವಾಣಿಜ್ಯ ಕೋರ್ಟುಗಳ ಕಾಯ್ದೆ ಬಂದಾಗ 1 ಕೋಟಿ ರೂಪಾಯಿ ಮೇಲಿನ ಕೇಸಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. 2018ರಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ಹಾಗಾಗಿ ದೊಡ್ಡ ಕಂಪನಿಗಳಿಗೆ ಅಂತ ಹೊಲಿದ ಅಂಗಿ ಈಗ ಸಣ್ಣ ವ್ಯಾಪಾರಿಯ ಮೈಮೇಲೂ ಬಂದಿದೆ.

ಈ ಕೇಸುಗಳಲ್ಲೂ ಮೊದಲು 30 ದಿನ. ಆಮೇಲೆ ಕಾರಣ ಕೊಟ್ಟು, ಖರ್ಚು ಕಟ್ಟಿ, ಒಟ್ಟು 120 ದಿನದವರೆಗೆ ಹೋಗಬಹುದು. ನೋಡಲು ಇದೇ ಉದಾರ ಅನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಸಂಸತ್ತು ಹೊಸದೊಂದು ಸಾಲು ಸೇರಿಸಿತು. 120 ದಿನ ದಾಟಿದರೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ, ಕೋರ್ಟು ಅದನ್ನು ದಾಖಲೆಗೆ ತೆಗೆದುಕೊಳ್ಳಲೇಬಾರದು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎಸ್‌ಸಿಜಿ ಕಾಂಟ್ರಾಕ್ಟ್ಸ್ ಕೇಸಿನಲ್ಲಿ ಈ ಗೆರೆ ದಾಟುವ ಹಾಗೇ ಇಲ್ಲ ಎಂದಿತು. ಕೋರ್ಟಿನ ಅಂತರ್ಗತ ಅಧಿಕಾರವೂ, ಅಂದರೆ ನ್ಯಾಯಕ್ಕಾಗಿ ಕೋರ್ಟು ತಾನೇ ಬಳಸಬಹುದಾದ ಅಧಿಕಾರವೂ, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2020ರ ಜನವರಿಯಲ್ಲಿ ಅದೇ ಕೋರ್ಟು, ವಾಣಿಜ್ಯವಲ್ಲದ ದಾವೆಗಳಿಗೆ ಹಳೆಯ ಸಡಿಲವೇ ಇದೆ ಎಂದು ಸ್ಪಷ್ಟಪಡಿಸಿತು. ಮಾರ್ಚ್‌ನಲ್ಲಿ ಐವರ ಸಂವಿಧಾನ ಪೀಠ ಗ್ರಾಹಕ ಆಯೋಗಗಳ ಲೆಕ್ಕ ಹೇಳಿತು. ಅಲ್ಲಿ 30 ದಿನ, ಜಾಸ್ತಿ ಅಂದರೆ ಇನ್ನು 15. ನಲವತ್ತೈದು ಮುಗಿದರೆ ಮುಗಿಯಿತು.

ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಒಂದೇ ಥರದ ಲಕೋಟೆ ಮೂರು ಮನೆಗೆ ಬರಬಹುದು. ತೋಟದ ಪಾಲಿನವರಿಗೆ 90 ದಿನ, ಅದಕ್ಕೂ ಚೂರು ಆಚೆ ದಾರಿ ಇದೆ. ಅಂಗಡಿಯವರಿಗೆ 120, ಆಮೇಲೆ ಗೋಡೆ. ಗ್ರಾಹಕ ಕೇಸಿನವರಿಗೆ 45, ಆಮೇಲೆ ಗೋಡೆ. ಇದು ಲಕೋಟೆ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ನಾನು ಹೇಳುವುದು, ವಕೀಲರನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಗೆಲ್ತೀವಾ?" ಅನ್ನುವುದಲ್ಲ. "ಇದು ಯಾವ ಥರದ ಕೇಸು, ಕೊನೇ ದಿನ ಯಾವುದು?" ಎಂದು ಕೇಳಿ. ಉತ್ತರವನ್ನು ಬರೆಸಿಕೊಳ್ಳಿ.

ಗಡುವು ತಪ್ಪಿಯೇ ಹೋದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಡಬ್ಲ್ಯೂಎಸ್ ಇಲ್ಲದಿದ್ದರೂ ವಾದಿಯ ಸಾಕ್ಷಿಗಳನ್ನು ಪಾಟೀಸವಾಲು ಮಾಡಬಹುದು. ವಾದಿ ತನ್ನ ಕೇಸನ್ನು ಸಾಬೀತು ಮಾಡಲೇಬೇಕೆಂದು ಕೋರ್ಟು ಹೇಳಬಹುದು. ನೀವು ಹಾಜರಿಲ್ಲದೆ ಏಕಪಕ್ಷೀಯ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಆಗಿದ್ದರೆ ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಅರ್ಜಿ ಹಾಕಬಹುದು. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ ಆ 30 ದಿನ. ಆದರೆ ನಿಮ್ಮ ಕಡೆಯ ಕಥೆಯನ್ನೇ ಹೇಳದೆ ಬರೀ ಎದುರಿನವರ ಕಥೆಯಲ್ಲಿ ತಪ್ಪು ಹುಡುಕುತ್ತಾ ಕೇಸು ನಡೆಸುವುದು ಒಂದು ಕೈ ಕಟ್ಟಿಕೊಂಡು ಈಜಿದ ಹಾಗೆ.

ಗಡುವುಗಳು ಎಲ್ಲರಿಗೂ ಒಟ್ಟಿಗೆ ಬದಲಾದ ಕಾಲವನ್ನೂ ನಾವು ಕಂಡಿದ್ದೇವೆ. ಕೋವಿಡ್ ಬಂದಾಗ ಸುಪ್ರೀಂ ಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡು, 2020ರ ಮಾರ್ಚ್ 15ರಿಂದ ಕಾಲಮಿತಿಗಳನ್ನು ನಿಲ್ಲಿಸಿತು. 2021ರ ಮಾರ್ಚ್‌ನಲ್ಲಿ ಆದೇಶ ಹಿಂತೆಗೆದುಕೊಂಡಿತು. ಎರಡನೇ ಅಲೆ ಬಂತು, ಏಪ್ರಿಲ್‌ನಲ್ಲಿ ಮತ್ತೆ ತಂದಿತು. ಕೊನೆಗೆ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದಲೇ ಬಿಟ್ಟಿತು. ವಾಣಿಜ್ಯ ಕೋರ್ಟಿನ ಆ 120 ದಿನದ ಗೋಡೆಗೂ ಈ ರಿಯಾಯಿತಿ ಸಿಗುತ್ತದೆ ಎಂದು ಅದೇ ಫೆಬ್ರವರಿಯಲ್ಲಿ ತೀರ್ಪು ಬಂತು. ಜನ ಮನೆಯಿಂದ ಹೊರಗೆ ಬರಲಾಗದ ಕಾಲದಲ್ಲಿ ಗಡುವು ಬಗ್ಗಲೇಬೇಕಿತ್ತು, ಬಗ್ಗಿತು.

ಆದರೆ ಮಾಮೂಲಿ ಕಾಲದಲ್ಲಿ ಗಡುವು ಯಾರಿಗೆ ಬಗ್ಗುತ್ತದೆ? ನನಗೆ ಬೇಸರ ಆಗುವುದು ಇಲ್ಲೇ. ಸರ್ಕಾರ, ಮಂಡಳಿ, ಪ್ರಾಧಿಕಾರಗಳು ತಡವಾಗಿ ಬಂದು "ಫೈಲು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಹೊತ್ತಾಯಿತು" ಎನ್ನುವುದು ವರ್ಷಗಟ್ಟಲೆ ನಡೆದುಬಂದಿದೆ. ಕರ್ನಾಟಕ ಗೃಹ ಮಂಡಳಿಯ ಒಂದು ಕೇಸಿನಲ್ಲಿ ಎರಡನೇ ಮೇಲ್ಮನವಿ 3,966 ದಿನ ತಡವಾಗಿತ್ತು. ಸುಮಾರು ಹನ್ನೊಂದು ವರ್ಷ. ಹೈಕೋರ್ಟು ಆ ವಿಳಂಬವನ್ನು ಮನ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹಾಗೆ ಮನ್ನಿಸಿದ ಆದೇಶವನ್ನು ರದ್ದು ಮಾಡಿತು. ಜಮೀನಿಗಾಗಿ ಹೋರಾಡುತ್ತಿದ್ದ ಮನೆಯವರ ಕಡೆಯಿಂದ ನೋಡಿ. ಗೆದ್ದು ಹತ್ತು ವರ್ಷ ಆದ ಮೇಲೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕೆಂದರೆ ಆ ಗೆಲುವಿಗೆ ಬೆಲೆ ಏನು ಉಳಿಯಿತು?

ಅದಕ್ಕೇ, ಗಡುವು ಬದಲಿಸುವುದೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಕೇಳಿದಾಗಲೆಲ್ಲ ಕೊಡಬೇಕು ಅನ್ನುವವರ ಜೊತೆಯೂ ಇಲ್ಲ. ನನ್ನ ಅಳತೆ ಇಷ್ಟೇ. ಗಡುವು ಮುಗಿಯುವ ಮುಂಚೆ ಬಂದು ಕೇಳಿದವರಿಗೂ, ಮುಗಿದ ಮೇಲೆ ಬಂದು ಕೇಳಿದವರಿಗೂ ಒಂದೇ ತಕ್ಕಡಿ ಇರಬಾರದು. ಮುಂಚೆ ಬಂದವರು ಗಡುವಿಗೆ ಮರ್ಯಾದೆ ಕೊಟ್ಟಿದ್ದಾರೆ. ಅವರಿಗೆ ಕೈ ಸಡಿಲ ಬಿಡಬಹುದು. ಮುಗಿದ ಮೇಲೆ ಬಂದವರು ಯಾಕೆ ಮೊದಲೇ ಬರಲಿಲ್ಲ ಅನ್ನುವುದಕ್ಕೂ ಉತ್ತರ ಕೊಡಬೇಕು.

ನಮ್ಮ ಸಿಪಿಸಿಯಲ್ಲಿ ಈ ವ್ಯತ್ಯಾಸ ಮಸುಕಾಗಿದೆ. ಸಮಯ ವಿಸ್ತರಿಸುವ 148ನೇ ಕಲಂ ನೋಡಿ. ಕೋರ್ಟು ತಾನೇ ಕೊಟ್ಟ ಗಡುವನ್ನು ಒಟ್ಟು 30 ದಿನದವರೆಗೆ ಮುಂದೆ ಹಾಕಬಹುದು, ಮೊದಲ ಗಡುವು ಮುಗಿದುಹೋಗಿದ್ದರೂ ಹಾಕಬಹುದು ಎನ್ನುತ್ತದೆ. ಮುಂಚೆ, ಆಮೇಲೆ ಎರಡಕ್ಕೂ ಒಂದೇ ಸಾಲು. ಅಮೆರಿಕದ ಫೆಡರಲ್ ಕೋರ್ಟುಗಳ ನಿಯಮದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಅಲ್ಲಿನ 6ನೇ ನಿಯಮದ ಪ್ರಕಾರ ಗಡುವಿಗೆ ಮುಂಚೆ ಕೇಳಿದರೆ ಒಳ್ಳೆಯ ಕಾರಣವೊಂದಿದ್ದರೆ ಸಾಕು. ಆಮೇಲೆ ಕೇಳಿದರೆ ತಪ್ಪಿದ್ದು ಕ್ಷಮಿಸಬಹುದಾದ ಅಜಾಗರೂಕತೆ ಎಂದು ತೋರಿಸಬೇಕು. ದಿನ ಎಣಿಸುವ ಕಷ್ಟವನ್ನೂ ಅವರು 2009ರ ಡಿಸೆಂಬರ್‌ನಲ್ಲಿ ಸರಿಮಾಡಿದರು. ಅದಕ್ಕೆ ಮುಂಚೆ ಸಣ್ಣ ಗಡುವುಗಳಲ್ಲಿ ಶನಿವಾರ, ಭಾನುವಾರ ಬಿಟ್ಟು ಎಣಿಸಬೇಕಿತ್ತು. ಅದನ್ನು ತೆಗೆದು, ಎಲ್ಲ ದಿನವನ್ನೂ ಎಣಿಸಿ ಎಂದರು. ಎಷ್ಟೋ ಗಡುವುಗಳನ್ನು 7, 14, 21 ಹೀಗೆ ಏಳರ ಮಗ್ಗಿಗೆ ಹೊಂದಿಸಿದರು. ಉತ್ತರ ಸಲ್ಲಿಸಲು ಇದ್ದ 20 ದಿನ 21 ಆಯಿತು. ಮಂಗಳವಾರ ಶುರುವಾದದ್ದು ಮಂಗಳವಾರವೇ ಮುಗಿಯುತ್ತದೆ. ಎಷ್ಟು ಸಣ್ಣ ಬದಲಾವಣೆ, ಎಷ್ಟು ಉಪಕಾರ!

ನಮ್ಮಲ್ಲಿ ರಜೆಯ ಲೆಕ್ಕ ಇನ್ನೂ ಜನರನ್ನು ಕೆಡವುತ್ತದೆ. ಕಾಲಮಿತಿ ಕಾಯ್ದೆಯ 4ನೇ ಕಲಂ ಪ್ರಕಾರ ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಸಲ್ಲಿಸಬಹುದು. ಆದರೆ ಮಧ್ಯಸ್ಥಿಕೆ ತೀರ್ಪನ್ನು, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಟ್ಟ ತೀರ್ಪನ್ನು, ಪ್ರಶ್ನಿಸುವ ಅರ್ಜಿಗೆ ಮೂರು ತಿಂಗಳು, ಮೇಲೆ ಮನ್ನಿಸಬಹುದಾದ 30 ದಿನ ಇದೆಯಲ್ಲ, ಆ ಮೇಲಿನ ಮೂವತ್ತು ರಜೆಯಲ್ಲಿ ಮುಗಿದರೆ ಈ ರಿಯಾಯಿತಿ ಇಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಕೊನೆಯ ವಾರಕ್ಕೆ ಬಿಡುವ ಅಭ್ಯಾಸ ಇದ್ದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇದುವರೆಗೆ ಹೇಳಿದ್ದು ಹೆಚ್ಚಾಗಿ ಡಬ್ಲ್ಯೂಎಸ್ ಬಗ್ಗೆ. ಕೇಸಿನ ನಡುವೆ ಹಾಕುವ ಅರ್ಜಿಗಳ, ಅಂದರೆ ಐ.ಎ.ಗಳ ಪಾಡು ಬೇರೆ. ಅವಕ್ಕೆ ತಕರಾರು ಸಲ್ಲಿಸಲು ಸಾಮಾನ್ಯವಾಗಿ ಇಷ್ಟು ದಿನ ಅಂತ ಸಿಪಿಸಿ ಹೇಳುವುದಿಲ್ಲ. ನ್ಯಾಯಾಧೀಶರು ಕೊಟ್ಟ ಮುಂದಿನ ತಾರೀಖೇ ಗಡುವು. ಮುಂದಿನ ತಾರೀಖು ಮತ್ತೆ ಮುಂದಕ್ಕೆ ಹೋದರೆ ಗಡುವೂ ಅದರ ಹಿಂದೆಯೇ ಹೋಗುತ್ತದೆ. ಎದುರಿನವರನ್ನು ಕೇಳದೆ ಕೊಟ್ಟ ತಡೆಯಾಜ್ಞೆಯ ವಿಷಯದಲ್ಲಿ ಮಾತ್ರ 39ನೇ ಆದೇಶ ಒಂದು ಅಂಕಿ ಇಟ್ಟಿದೆ. 30 ದಿನದೊಳಗೆ ಆ ಅರ್ಜಿಯನ್ನು ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು, ಆಗದಿದ್ದರೆ ಯಾಕಾಗಲಿಲ್ಲ ಅಂತ ಬರೆಯಬೇಕು. ತೀರ್ಮಾನ ಆಗದಿದ್ದರೆ ನೊಂದವರು ಮೇಲ್ಮನವಿ ಹಾಕಬಹುದು ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ತಡೆಯಾಜ್ಞೆಗಳಿಗೆ ತಾನಾಗಿ ಮುಗಿಯುವ ಗಡುವು ಹಾಕುವ ಪ್ರಯತ್ನವೂ ಆಯಿತು. ವಿಚಾರಣೆಗೆ ಕೊಟ್ಟ ತಡೆ ಆರು ತಿಂಗಳಿಗೆ ಬಿದ್ದುಹೋಗುತ್ತದೆ ಎಂದು 2018ರಲ್ಲಿ ತೀರ್ಪು ಬಂತು. 2024ರ ಫೆಬ್ರವರಿ 29ರಂದು ಐವರ ಪೀಠ ಅದನ್ನು ತೆಗೆದುಹಾಕಿತು. ಕೋರ್ಟಿಗೆ ಪುರುಸೊತ್ತಿಲ್ಲದ್ದಕ್ಕೆ ಕಕ್ಷಿದಾರ ತಡೆ ಕಳೆದುಕೊಳ್ಳುವುದು ಸರಿಯಲ್ಲ ಎಂಬ ವಾದ ನನಗೂ ಒಪ್ಪಿಗೆ. ಆದರೆ ತಡೆ ಹಿಡಿದು ಕೂತವನಿಗೆ ಕೇಸು ಮುಂದೆ ಹೋದಷ್ಟೂ ಲಾಭ ಎನ್ನುವುದೂ ಅಷ್ಟೇ ನಿಜ.

ಕೋರ್ಟುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಒಂದು ಕೋಟಿಗೂ ಹೆಚ್ಚು ಸಿವಿಲ್ ಕೇಸುಗಳು ಬಾಕಿ ಇವೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಶುರುವಾದ ಒಂದು ದಾವೆಯನ್ನು ನೋಡಿ ನೊಂದು, ಇಡೀ ದೇಶದ ಕೋರ್ಟುಗಳಿಗೆ ಸೂಚನೆ ಕೊಟ್ಟಿತು. ಆ ತೀರ್ಪು ಬರೆದವರು ನಮ್ಮ ಹೈಕೋರ್ಟಿನಲ್ಲಿ ಕೂತಿದ್ದ ನ್ಯಾಯಮೂರ್ತಿ ಅರವಿಂದ ಕುಮಾರ್. ಸಮನ್ಸ್ ಕಾಲಕ್ಕೆ ಸರಿಯಾಗಿ ಜಾರಿಯಾಗಲಿ, ಡಬ್ಲ್ಯೂಎಸ್ ಆದಷ್ಟೂ 30 ದಿನದೊಳಗೆ ಬರಲಿ, ಮುಂದೆ ಹಾಕಿದರೆ ಕಾರಣ ಬರೆಯಿರಿ ಎಂದು ಅದರಲ್ಲಿದೆ. ಎಲ್ಲ ನಿಯಮದಲ್ಲಿ ಇದ್ದದ್ದೇ. ಅದನ್ನೇ ಮತ್ತೆ ಹೇಳಬೇಕಾಗಿ ಬಂತು.

ನನ್ನದೊಂದು ಸಣ್ಣ ಕೋರಿಕೆ ಇದೆ. ಅಮೀನರು ಸಮನ್ಸ್ ಕೊಡುವಾಗ ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಉತ್ತರ ಸಲ್ಲಿಸಲು ಕೊನೇ ದಿನ ಇಂಥದ್ದು ಎಂದು ಬರೆದು ಕೊಡಲಿ. ನಮ್ಮ ದೊಡ್ಡಮ್ಮನ ಲಕೋಟೆಯ ಮೇಲೆ "ಜುಲೈ 10" ಎಂದಿದ್ದರೆ ಮೊಮ್ಮಗಳು ಅದನ್ನೇ ಓದುತ್ತಿದ್ದಳು. ಕಾನೂನು ಬದಲಿಸಬೇಕಾಗಿಲ್ಲ. ಒಂದು ರಬ್ಬರ್ ಸ್ಟಾಂಪು, ಒಂದು ಪೆನ್ನು ಸಾಕು.

ಆಗಸ್ಟ್ 2ಕ್ಕೆ ವಕೀಲರು ವಕಾಲತ್ತು ಹಾಕಿ ಸಮಯ ಕೇಳಿದರು. ಆಗಸ್ಟ್ 26ಕ್ಕೆ, ಅಂದರೆ 77ನೇ ದಿನ, ಡಬ್ಲ್ಯೂಎಸ್ ಜೊತೆಗೆ ವಿಳಂಬ ಮನ್ನಿಸಿ ಎಂಬ ಅರ್ಜಿ ಮತ್ತು ಪ್ರಮಾಣಪತ್ರ ಸಲ್ಲಿಸಿದರು. ಓದು ಬರಹ ಬಾರದ್ದು, ತಾರೀಖು ತಪ್ಪು ತಿಳಿದದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ಬರೆದಿದ್ದರು. ಎದುರಿನ ವಕೀಲರು ವಿರೋಧಿಸಿದರು. ನ್ಯಾಯಾಧೀಶರು 500 ರೂಪಾಯಿ ಖರ್ಚು ಹಾಕಿ ದಾಖಲೆಗೆ ತಗೊಂಡರು. ದೊಡ್ಡಮ್ಮ ಸೀರೆ ಸೆರಗಿನ ಗಂಟಿನಿಂದ ದುಡ್ಡು ಬಿಚ್ಚಿ ಕೊಟ್ಟರು. ತಪ್ಪು ನಮ್ಮದಿತ್ತು, ಕಟ್ಟಿದೆವು.

ಅವತ್ತೇ ನಮ್ಮ ಕಡೆಯಿಂದಲೂ ಒಂದು ಐ.ಎ. ಹೋಯಿತು. ತೋಟದಲ್ಲಿ ದೊಡ್ಡಮ್ಮ ಕಾಯಿ ಕೆಡವಬಾರದು ಎಂದು ವಾದಿ ತಂದಿದ್ದ ಏಕಪಕ್ಷೀಯ ತಡೆಯಾಜ್ಞೆ ತೆರವು ಮಾಡಿ ಅಂತ. ಅದಕ್ಕೆ ತಕರಾರು ಸಲ್ಲಿಸಲು ಎದುರಿನವರು ಸಮಯ ಕೇಳಿದರು. ಮತ್ತೆ ಕೇಳಿದರು. ಆರ್ಡರ್ ಶೀಟಿನಲ್ಲಿ ಪ್ರತಿ ಸಲವೂ "ಸಮಯ ಕೋರಿದ್ದಾರೆ" ಎಂಬ ಒಂದೇ ಸಾಲು. ಕಾರಣವಿಲ್ಲ, ಖರ್ಚಿಲ್ಲ. ಕೋರ್ಟು ಮುಂದಕ್ಕೆ ಹೋಗುತ್ತದೆ, ಮರ ಕಾಯುವುದಿಲ್ಲ. ಒಣಗಿದ ಕಾಯಿ ತಾವಾಗಿ ಉದುರಿ ಪಾತಿಯಲ್ಲೇ ಮೊಳಕೆ ಬಂದವು. ಐದನೇ ಸಲ ನಮ್ಮ ವಕೀಲರು ಹಿಂದಿನ ನಾಲ್ಕೂ ತಾರೀಖು ಬರೆದ ಮೆಮೋ ಒಂದನ್ನು ಕೊಟ್ಟು, 39ನೇ ಆದೇಶದ ಆ ಮೂವತ್ತು ದಿನವನ್ನು ತೋರಿಸಿದರು. ನ್ಯಾಯಾಧೀಶರು ಓದಿ, ಎದುರಿನವರಿಗೆ 300 ರೂಪಾಯಿ ಖರ್ಚು ಹಾಕಿ, ಇದೇ ಕೊನೆಯ ಅವಕಾಶ ಎಂದು ಬರೆದರು.

ಮುಂದಿನ ತಾರೀಖಿಗೆ ತಕರಾರು ಬಂತು. ಎರಡೂವರೆ ಪುಟ ಇತ್ತು.